ಒಳಬಾಗಿಲಿಗೆ ಬಣ್ಣ: ದಸರೆಗೆ ಬೇಡ, ದೀಪಾವಳಿ ಕಳೆಯಲಿ

ಮಹಾನವಮಿಗೆ ಇನ್ನೆಂಟು ದಿನ ಇದೆ ಎನ್ನುವಾಗ ಬೈಲಹೊಂಗಲದ ಬಜಾರದಲ್ಲಿ ಬಣ್ಣದ ಅಂಗಡಿಗಳ ಮುಂದೆ ನಿಲ್ಲಲು ಜಾಗ ಸಿಗುವುದಿಲ್ಲ. ಗೋಡೆಗೆ ಸುಣ್ಣವೋ ಡಿಸ್ಟೆಂಪರೋ ಮುಗಿದಿರುತ್ತದೆ. ಹಬ್ಬಕ್ಕೆ ಮೊದಲು ಉಳಿದ ದಿನಗಳಲ್ಲಿ ಒಳಗಿನ ಬಾಗಿಲುಗಳಿಗೂ ಒಂದು ಕೈ ಆಯಿಲ್ ಪೇಂಟ್ ಹಚ್ಚಿಬಿಟ್ಟರೆ ಮನೆ ಪೂರ್ತಿ ಹೊಸದಾದಂತೆ ಎಂಬ ಲೆಕ್ಕ. ಹಬ್ಬದ ದಿನ ಬಾಗಿಲು ಥಳಥಳ ಹೊಳೆಯುವುದೂ ನಿಜ. ಶಿವರಾತ್ರಿ ದಾಟಿ ಬಿಸಿಲೇರಿದಂತೆ ಅದೇ ಬಾಗಿಲು ಹಾವು ಪೊರೆ ಬಿಟ್ಟ ಹಾಗೆ ಬಣ್ಣ ಬಿಡತೊಡಗುತ್ತದೆ. ಆಗ ಬೈಗುಳ ಬೀಳುವುದು ಕಂಪನಿಗೆ, ಇಲ್ಲವೇ ಅಂಗಡಿಯವನಿಗೆ: “ಡಬ್ಬಿ ಡುಪ್ಲಿಕೇಟ್ ಕೊಟ್ಟಾನ.”

ಡಬ್ಬಿಯ ತಪ್ಪಿರುವುದು ಅಪರೂಪ. ಬಣ್ಣ ಕಿತ್ತು ಬರುವುದು ಅದರ ಕೆಳಗಿರುವುದರಿಂದ: ಹಸಿ ಆರದ ಕಟ್ಟಿಗೆ, ಒಗ್ಗರಣೆಯ ಜಿಡ್ಡು, ಕೈಯ ಎಣ್ಣೆ, ಧೂಳು, ಸಡಿಲಾಗಿ ಕೂತ ಹಳೆಯ ಪದರು. ಒಂದು ಬಾಗಿಲಿಗೆ ನಾಲ್ಕು ದಿನ ಕೊಡುವುದಾದರೆ ಅದರಲ್ಲಿ ಎರಡೂವರೆ ದಿನ ಬ್ರಶ್ ಮುಟ್ಟದೇ ಕಳೆಯಬೇಕು. ಉಳಿದದ್ದು ಸುಲಭ.

ಮಳೆ, ಇಬ್ಬನಿ, ಧೂಳು

ಮೊದಲು ಹವೆಯ ಮಾತು. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿ ಜೂನ್‌ನಿಂದ ಹಿಡಿದ ಜಿಟಿಜಿಟಿ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಪೂರ್ವಕ್ಕೆ ಸವದತ್ತಿ, ರಾಮದುರ್ಗದ ಕಡೆ ಹೋದಂತೆ ಮುಂಗಾರು ತೆಳುವಾಗುತ್ತದೆ. ಆದರೆ ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಯೇ ಗಟ್ಟಿ. ಜೋಳ, ಕಡಲೆ ಬಿತ್ತನೆ ನಿಂತಿರುವುದೇ ಅದರ ಮೇಲೆ. ಅಂದರೆ ನಾಲ್ಕೂ ಊರಲ್ಲಿ ದಸರೆಯ ಹೊತ್ತಿಗೆ ಕಟ್ಟಿಗೆ ನೀರುಂಡು ಉಬ್ಬಿರುತ್ತದೆ. ಉಬ್ಬಿದ ಹಲಗೆಯ ಮೇಲೆ ಎನಾಮೆಲ್ ಹಚ್ಚಿದರೆ ಒಳಗಿನ ತೇವಕ್ಕೆ ಹೊರಗೆ ಬರಲು ದಾರಿ ಇರುವುದಿಲ್ಲ. ಬಿಸಿಲು ಬಿದ್ದಾಗ ಅದು ಗುಳ್ಳೆಯಾಗಿ ಏಳುತ್ತದೆ. ಹಲಗೆ ಒಣಗಿ ಕುಗ್ಗಿದಾಗ ಜೋಡಣೆಗಳ ಸಂದಿನಲ್ಲಿ ಬಣ್ಣ ಸೀಳುತ್ತದೆ.

ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವ. ಅದು ಮುಗಿದು, ದೀಪಾವಳಿ ಕಳೆದ ಮೇಲೆ ಒಂದೆರಡು ವಾರ ಬಿಸಿಲು ಬಿಟ್ಟು ಕೆಲಸ ಹಿಡಿಯುವುದು ಎಲ್ಲಕ್ಕಿಂತ ಒಳ್ಳೆಯದು. ನವೆಂಬರ್ ನಡುವಿನಿಂದ ಜನವರಿವರೆಗೆ ಗಾಳಿ ಒಣಗಿರುತ್ತದೆ, ಸೆಕೆಯೂ ಇರುವುದಿಲ್ಲ. ಇಬ್ಬನಿ ಬೀಳುವ ದಿನ ಮಾತ್ರ ಬೆಳಿಗ್ಗೆ ಒಂಬತ್ತು ಹತ್ತರ ತನಕ ಕಾದು ಶುರು ಮಾಡಿ, ಮಧ್ಯಾಹ್ನ ಮೂರರೊಳಗೆ ಬ್ರಶ್ ಕೆಳಗಿಡಿ. ಸಂಜೆ ಹಚ್ಚಿದ ಎನಾಮೆಲ್ ಮೇಲೆ ರಾತ್ರಿಯ ತಂಪು ಕೂತರೆ ಹೊಳಪು ಸತ್ತು ಬೂದು ಹಿಡಿದಂತೆ ಕಾಣುತ್ತದೆ. ಫೆಬ್ರುವರಿಯಲ್ಲಿ ರಾಶಿ ಶುರುವಾದರೆ ಹೊಟ್ಟು, ಧೂಳು ಮನೆಯೊಳಗೇ ಬರುತ್ತದೆ. ಹೊಲದ ದಾರಿಗೆ ಮುಖ ಮಾಡಿದ ಮನೆಯವರು ಅಷ್ಟರೊಳಗೆ ಮುಗಿಸಲಿ. ಏಪ್ರಿಲ್, ಮೇ ತಿಂಗಳ ರಾಮದುರ್ಗದ ಬಿಸಿಲಲ್ಲಿ ಬಣ್ಣ ಬ್ರಶ್‌ನ ಕೆಳಗೇ ಒಣಗಿ ಗೆರೆ ಉಳಿಯುತ್ತದೆ.

ದಸರೆಗೆ ಏನೂ ಮಾಡದಿದ್ದರೆ ಮನಸ್ಸು ಕೇಳುವುದಿಲ್ಲ ಎನ್ನುವವರು ಬಾಗಿಲು ತೊಳೆದು ಒರೆಸಿ ಬಿಡಿ. ಆ ತೊಳೆತ ಮುಂದಿನ ಕೆಲಸಕ್ಕೂ ಲೆಕ್ಕಕ್ಕೆ ಬರುತ್ತದೆ.

ಬಿಗಿಯಾದ ಬಾಗಿಲಿಗೆ ಉಳಿಯಾಡಿಸುವ ಮೊದಲು

ಬೈಲಹೊಂಗಲ, ಸವದತ್ತಿ ಸೀಮೆಯ ಎರಿ ಮಣ್ಣಿಗೆ ಒಂದು ಗುಣವಿದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಡಿಪಾಯ ಆಳವಾಗಿಲ್ಲದ ಮನೆಗಳಲ್ಲಿ ಗೋಡೆಯೂ ಅದರ ಜತೆ ಏರಿಳಿಯುತ್ತದೆ, ಚೌಕಟ್ಟು ಮೂಲೆ ತಪ್ಪುತ್ತದೆ. ಬಾಗಿಲು ಒಂದು ಕಡೆ ಉಜ್ಜುತ್ತದೆ. ಮನೆಯೊಡತಿ ಕರೆಸಿದ ಬಡಿಗೇರ ಹಳಬನಾಗಿದ್ದರೆ ಉಳಿ ತೆಗೆಯುವ ಮೊದಲು ಚೌಕಟ್ಟಿನ ಮೂಲೆ ನೋಡಿ ಹೇಳುತ್ತಾನೆ: “ಅಕ್ಕಾರ, ಬಾಗಲದ್ದು ತಪ್ಪಿಲ್ರೀ, ಗ್ವಾಡಿ ಸರದೈತಿ.”

ನೀವೇ ನೋಡಬಹುದು. ಬಾಗಿಲು ಮುಚ್ಚಿ ಸುತ್ತಲಿನ ಸಂದು ಗಮನಿಸಿ. ಮೇಲೆ ಒಂದು ಮೂಲೆಯಲ್ಲಿ ಅಗಲವಾಗಿ ಇನ್ನೊಂದು ಮೂಲೆಯಲ್ಲಿ ಮುಚ್ಚಿಹೋಗಿದ್ದರೆ ಚೌಕಟ್ಟು ಸರಿದಿದೆ, ಇಲ್ಲವೇ ಮೇಲಿನ ಬಿಜಾಗರಿಯ ಸ್ಕ್ರೂ ಸಡಿಲಾಗಿದೆ. ಚಿಲಕದ ಕಡೆಯ ಅಂಚು ಉದ್ದಕ್ಕೂ ಒಂದೇ ಸಮ ಉಜ್ಜುತ್ತಿದ್ದರೆ ಕಟ್ಟಿಗೆ ಉಬ್ಬಿದೆ, ಅಥವಾ ವರ್ಷ ವರ್ಷ ಒಂದರ ಮೇಲೊಂದು ಬಿದ್ದ ಬಣ್ಣವೇ ದಪ್ಪವಾಗಿದೆ. ಬಹಳ ಮನೆಗಳಲ್ಲಿ ಈ ಕೊನೆಯದೇ ಕಾರಣ. ಅಂಚಿನ ಹಳೆಯ ಬಣ್ಣ ಕೆರೆದರೆ ಸಾಕು, ಕಟ್ಟಿಗೆಗೆ ಕೈ ಹಚ್ಚಬೇಕಾಗಿಲ್ಲ. ಮಳೆಗಾಲದಲ್ಲಿ ಅವಸರಕ್ಕೆ ಉಳಿಯಾಡಿಸಿದ ಬಾಗಿಲು ಬೇಸಿಗೆಗೆ ಕುಗ್ಗಿ, ಸಂದಿನಲ್ಲಿ ಬೆರಳು ತೂರುವಷ್ಟಾಗುತ್ತದೆ. ಅದಕ್ಕೆ ಬಣ್ಣದಲ್ಲಿ ಮದ್ದಿಲ್ಲ. ಬಣ್ಣವೆಲ್ಲ ಮುಗಿದ ಮೇಲೆ ಚಳಿಗಾಲದಲ್ಲಿ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಸಂದು ಉಳಿದಿರಬೇಕು. ಮಳೆಗಾಲದ ಉಬ್ಬಿಗೆ ಅದು ಬೇಕು.

ಕಟ್ಟಿಗೆ ಯಾವುದು ಎಂದು ಗೊತ್ತಿರಲಿ

ಹಳೆಯ ಮನೆಗಳ ಒಳಬಾಗಿಲು ಸಾಗವಾನಿಯದು, ಮತ್ತಿಯದು, ಹೊನ್ನೆಯದು. ಖಾನಾಪುರ, ಹಳಿಯಾಳ, ದಾಂಡೇಲಿ ಕಡೆಯ ಕಾಡು ದೂರವಿಲ್ಲದ್ದರಿಂದ ಇವು ಇಲ್ಲಿಗೆ ಸುಲಭಕ್ಕೆ ಬಂದವು. ಬಯಲ ಊರುಗಳಲ್ಲಿ ಹಿತ್ತಲ ಬೇವು ಕಡಿದು ಮಾಡಿಸಿದ ಬಾಗಿಲೂ ಉಂಟು. ಈಚಿನ ಮನೆಗಳ ಕೋಣೆಗಳಿಗೆಲ್ಲ ಫ್ಲಶ್ ಡೋರ್.

ಸಾಗವಾನಿಯಲ್ಲಿ ಅದರದೇ ಎಣ್ಣೆ ಇರುತ್ತದೆ. ಮೇಲೆ ಪ್ರೈಮರ್ ಹಚ್ಚಿದರೆ ಒಣಗಲು ತಡ, ಹಿಡಿತವೂ ಕಡಿಮೆ. ತಿಕ್ಕಿದ ಮೇಲೆ ಬಟ್ಟೆಗೆ ಟರ್ಪಂಟೈನ್ ಹಾಕಿ ಒರೆಸಿ, ಅದು ಆರಿದ ಕೂಡಲೇ ಪ್ರೈಮರ್ ಹಚ್ಚಬೇಕು. ಹೊನ್ನೆಯದು ಬೇರೆ ತರಲೆ. ಹೊನ್ನೆಯ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಿಗ್ಗೆ ಅದು ಕಂದು ತಿರುಗಿರುವುದನ್ನು ಸಕ್ಕರೆ ಕಾಯಿಲೆಯವರ ಮನೆಯಲ್ಲಿ ನೋಡಿರುತ್ತೀರಿ. ಅದೇ ರಸ ನೀರಿನ ಬಣ್ಣದಲ್ಲೂ ಮೇಲೆ ಬರುತ್ತದೆ. ಹೊನ್ನೆ, ಮತ್ತಿ ಬಾಗಿಲಿಗೆ ನೇರವಾಗಿ ನೀರು ಆಧಾರಿತ ಬಿಳಿ ಬಣ್ಣ ಹಚ್ಚಿದರೆ ವಾರದೊಳಗೆ ಹಳದಿ, ಕಂದು ಕಲೆ ಮೂಡುತ್ತದೆ. ಮೇಲೆ ಎಷ್ಟು ಕೋಟ್ ಹೊಡೆದರೂ ಅದು ಹಾಯ್ದು ಬರುತ್ತದೆ. ಅಂಥಲ್ಲಿ ಕೆಳಗೆ ಎಣ್ಣೆ ಆಧಾರಿತ ವುಡ್ ಪ್ರೈಮರ್ ಬೇಕು, ಅಥವಾ ಸ್ಪಿರಿಟ್‌ನಲ್ಲಿ ಕರಗಿಸಿದ ಚಪಡಾ ಅರಗಿನ ಒಂದು ತೆಳು ಕೈ. ಗಂಟು ಇರುವ ಕಡೆ, ಬೇವಿನ ಹಲಗೆಯಲ್ಲಿ ಅಂಟು ಒಸರುವ ಕಡೆಯೂ ಇದೇ ಅರಗು ಕೆಲಸಕ್ಕೆ ಬರುತ್ತದೆ.

ಫ್ಲಶ್ ಡೋರ್‌ನ ಮೇಲ್ಪದರ ಕಾಗದದಷ್ಟು ತೆಳು. ಮಷೀನ್ ಹಾಕಿ ಜೋರಾಗಿ ತಿಕ್ಕಿದರೆ ಒಳಗಿನ ಅಡ್ಡ ಪದರ ಕಾಣುತ್ತದೆ. ಅದಕ್ಕೆ ಕೈಯೇ ಸಾಕು.

ಕಳಚುವುದು, ತೊಳೆಯುವುದು

ಚಿಲಕ, ಹಿಡಿಕೆ, ಅಗಳಿ, ತೋರಣದ ಮೊಳೆ, ಹಳೆಯ ಕ್ಯಾಲೆಂಡರಿನ ಕೊಕ್ಕೆ ಎಲ್ಲ ತೆಗೆಯಿರಿ. ಒಂದೊಂದು ಬಾಗಿಲಿನ ಸ್ಕ್ರೂಗಳನ್ನು ಒಂದೊಂದು ವಾಟಿಯಲ್ಲಿ ಹಾಕಿ ಗುರುತು ಮಾಡಿ. ಚಿಲಕದ ಮೇಲೆಯೇ ಬಣ್ಣ ಹೊಡೆದು ಹೋಗುವ ಪೇಂಟರ್‌ಗೆ ಎಷ್ಟು ಕಡಿಮೆ ಕೂಲಿ ಕೊಟ್ಟರೂ ದುಬಾರಿಯೇ. ಬಾಗಿಲನ್ನು ಬಿಜಾಗರಿಯಿಂದ ಬಿಚ್ಚಿ ಎರಡು ಸ್ಟೂಲಿನ ಮೇಲೆ ಅಡ್ಡ ಮಲಗಿಸಿದರೆ ಬಣ್ಣ ಇಳಿಯುವುದಿಲ್ಲ, ಕೆಲಸ ಚೆನ್ನಾಗಿ ಬರುತ್ತದೆ. ಆದರೆ ಸಾಗವಾನಿ ಬಾಗಿಲು ಇಬ್ಬರು ಎತ್ತುವ ಭಾರ, ಹಳೆಯ ಸ್ಕ್ರೂಗಳು ತುಕ್ಕು ಹಿಡಿದಿರುತ್ತವೆ. ಮನೆಯಲ್ಲಿ ಕೈಗೂಡಿಸುವವರಿಲ್ಲದಿದ್ದರೆ ನಿಂತ ಬಾಗಿಲಿಗೇ ಹಚ್ಚಿ, ಬಣ್ಣ ತೆಳುವಾಗಿರಲಿ.

ಇನ್ನು ತೊಳೆತ. ಎಲ್ಲರೂ ತಪ್ಪುವುದು ಇಲ್ಲಿಯೇ. ಅಡುಗೆಮನೆಯ ಬಾಗಿಲು ತಂದ ಕೂಡಲೇ ಪಾಲಿಶ್ ಪೇಪರ್ ಹಿಡಿದು ತಿಕ್ಕಲು ಕೂರುತ್ತಾರೆ. ಒಗ್ಗರಣೆಯ ಎಣ್ಣೆ, ರೊಟ್ಟಿ ಒಲೆಯ ಹೊಗೆ ಸೇರಿ ಕಟ್ಟಿದ ಜಿಡ್ಡನ್ನು ತಿಕ್ಕಿದರೆ ಅದು ಹೋಗುವುದಿಲ್ಲ, ಕಾಗದದ ಬಿಸಿಗೆ ಕರಗಿ ಕಟ್ಟಿಗೆಯ ಎಳೆಯೊಳಗೆ ಇಳಿಯುತ್ತದೆ. ಮೊದಲು ತೊಳೆತ, ಆಮೇಲೆ ತಿಕ್ಕುವುದು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ. ಅರಿವೆ ಅದ್ದಿ ಹಿಂಡಿ, ಕೆಳಗಿನಿಂದ ಮೇಲಕ್ಕೆ ಉಜ್ಜಿ. ಮೇಲಿನಿಂದ ಶುರು ಮಾಡಿದರೆ ಒಣ ಜಿಡ್ಡಿನ ಮೇಲೆ ಇಳಿದ ಹನಿ ಗೆರೆ ಬರೆಯುತ್ತದೆ. ಬಳಿಕ ಶುದ್ಧ ನೀರಿನಲ್ಲಿ ಎರಡು ಸಲ ಒರೆಸಿ. ಸೋಡಾ ಉಳಿದರೆ ಅದೂ ಬಣ್ಣದ ವೈರಿ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಒಂದು ಪೂರ್ತಿ ದಿನ ಗಾಳಿಗೆ ಒಣಗಲು ಬಿಡಿ.

ಜಿಡ್ಡು ಹೋಯಿತೋ ಇಲ್ಲವೋ ನೋಡಲು ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ದುಂಡಗೆ ನಿಂತು ಜಾರಿದರೆ ಎಣ್ಣೆ ಇನ್ನೂ ಇದೆ. ತೆಳ್ಳಗೆ ಹರಡಿಕೊಂಡರೆ ಮುಂದಕ್ಕೆ ಹೋಗಬಹುದು. ಹಿಡಿಕೆಯ ಸುತ್ತ, ಮಕ್ಕಳ ಕೈ ಎಟಕುವ ಎತ್ತರದಲ್ಲಿ, ಪಡಸಾಲೆಯಿಂದ ಅಡುಗೆಮನೆಗೆ ದಾಟುವಾಗ ಹಿಟ್ಟಿನ ಕೈ ಊರುವ ಜಾಗದಲ್ಲಿ ಈ ಪರೀಕ್ಷೆ ಮಾಡಿ. ಮೊದಲು ಬಣ್ಣ ಬಿಡುವುದು ಅಲ್ಲಿಯೇ.

ಸವದತ್ತಿ ಕಡೆಯ ಮನೆಗಳಿಗೆ ಒಂದು ಮಾತು ಹೆಚ್ಚು. ಎಲ್ಲಮ್ಮನ ಭಂಡಾರ ಬಾಗಿಲ ತೋಳಿಗೆ, ದೇವರ ಕೋಣೆಯ ಕದಕ್ಕೆ ಬಿದ್ದೇ ಇರುತ್ತದೆ. ಅರಿಶಿನದ ಮೇಲೆ ಸೋಪು, ಸೋಡಾ ಬಿದ್ದರೆ ಕೆಂಪಾಗಿ ತಿರುಗಿ ಹರಡುತ್ತದೆ. ಆದ್ದರಿಂದ ಮೊದಲು ಒಣ ಬ್ರಶ್‌ನಿಂದ ಭಂಡಾರ ಉದುರಿಸಿ, ಉಳಿದದ್ದನ್ನು ಒಣ ಅರಿವೆಯಿಂದ ಒರೆಸಿ, ಆಮೇಲೆ ನೀರು ಮುಟ್ಟಿಸಿ. ಒಳಗಿಳಿದ ಹಳದಿ ಬಿಸಿಲಿಗೆ ಮಾಸುತ್ತದೆ. ಬಾಗಿಲು ಬಿಚ್ಚಿದ್ದರೆ ಎರಡು ದಿನ ಅಂಗಳದಲ್ಲಿ ಒರಗಿಸಿಡಿ.

ತಿಕ್ಕುವುದು, ಮತ್ತು ಹಳೆಯ ಬಣ್ಣದ ವಿಷ

ಹಳೆಯ ಬಣ್ಣ ಪೂರ್ತಿ ತೆಗೆಯಬೇಕೇ? ಬ್ಲೇಡಿನಿಂದ ಕತ್ತರಿಯಾಕಾರದ ಒಂದು ಗೀರು ಹಾಕಿ, ಮೇಲೆ ಗಟ್ಟಿ ಅಂಟುಪಟ್ಟಿ ಒತ್ತಿ, ಫಟ್ಟನೆ ಎಳೆಯಿರಿ. ಪಟ್ಟಿಗೆ ಬಣ್ಣದ ಚೂರು ಬರದಿದ್ದರೆ ಹಳೆಯದು ಗಟ್ಟಿ ಇದೆ. ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಚೂರುಗಳು ಎದ್ದು ಬಂದರೆ ಅಷ್ಟು ಭಾಗ ಕೆರೆದೇ ತೀರಬೇಕು.

ಕೆರೆಯುವ ಮೊದಲು ಬಾಗಿಲ ವಯಸ್ಸು ಯೋಚಿಸಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ಕೇಂದ್ರ ಸರ್ಕಾರದ ನಿಯಮ ಆಗಿದ್ದು 2016ರಲ್ಲಿ, ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಎಣ್ಣೆ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕಿತ್ತಳೆ, ಹಸಿರು ಬಣ್ಣಗಳಲ್ಲಿ ಸೀಸ ಇದ್ದಿರಬಹುದು. ನಮ್ಮ ಹಳೆಯ ಮನೆಗಳ ಎಲೆಹಸಿರು ಬಾಗಿಲುಗಳನ್ನು ನೆನೆಸಿಕೊಳ್ಳಿ. ಸೀಸದ ಧೂಳು ಚಿಕ್ಕ ಮಕ್ಕಳ ಮೆದುಳಿಗೆ, ಗರ್ಭಿಣಿಯರಿಗೆ ಕೆಟ್ಟದ್ದು. ಅಂಥ ಬಾಗಿಲನ್ನು ಒಣಗಿದ್ದಾಗ ತಿಕ್ಕಬಾರದು, ಬೆಂಕಿ ಹಿಡಿದು ಸುಡಲೂಬಾರದು. ನೀರು ಚಿಮುಕಿಸಿ ತೇವ ಮಾಡಿ, ವಾಟರ್ ಪೇಪರ್‌ನಿಂದ ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಪುಡಿಯನ್ನು ಒದ್ದೆ ಅರಿವೆಯಲ್ಲಿ ಎತ್ತಿ ಕಟ್ಟಿ ಬಿಸಾಡಿ. ಕಸಬರಿಗೆಯಿಂದ ಗುಡಿಸಿದರೆ ಅದು ಮನೆ ತುಂಬ ಹರಡುತ್ತದೆ. ಮಕ್ಕಳನ್ನು ಆ ದಿನ ಅಜ್ಜಿಯ ಮನೆಗೆ ಕಳಿಸಿದರೆ ಇನ್ನೂ ಒಳ್ಳೆಯದು. ಹೊಸ ಡಬ್ಬಿ ಕೊಳ್ಳುವಾಗಲೂ ಸೀಸದ ಮಿತಿಯ ಬಗ್ಗೆ ಬರೆದದ್ದು ಹುಡುಕಿ ನೋಡಿ. ಲೇಬಲ್ಲಿಲ್ಲದ ಸಡಿಲು ಬಣ್ಣ ಬೇಡ.

ಪಾಲಿಶ್ ಪೇಪರಿನ ಹಿಂದೆ ಅಂಕಿ ಇರುತ್ತದೆ. ಒರಟು ಕಟ್ಟಿಗೆಗೆ 80, ಆಮೇಲೆ 120, ಪ್ರೈಮರ್‌ಗೆ ಮೊದಲು 180. ಎರಡು ಕೋಟ್‌ಗಳ ನಡುವೆ 320. ಒಂದು ಚಪ್ಪಟೆ ಕಟ್ಟಿಗೆ ತುಂಡಿಗೆ ಕಾಗದ ಸುತ್ತಿ ಎಳೆಯ ಉದ್ದಕ್ಕೇ ಉಜ್ಜಿ. ಅಡ್ಡಕ್ಕೆ ಎಳೆದ ಗೀರು ಎನಾಮೆಲ್‌ನ ಹೊಳಪಿನಲ್ಲಿ ಎದ್ದು ಕಾಣುತ್ತದೆ.

ಪ್ರೈಮರ್, ಪುಟ್ಟಿ

ಪ್ರೈಮರ್ ಮೊದಲು, ಪುಟ್ಟಿ ಆಮೇಲೆ. ಬರಿಯ ಕಟ್ಟಿಗೆಗೆ ಪುಟ್ಟಿ ತುಂಬಿದರೆ ಅದರ ಎಣ್ಣೆಯನ್ನು ಕಟ್ಟಿಗೆ ಹೀರಿ, ಪುಟ್ಟಿ ಪುಡಿಯಾಗಿ ಉದುರುತ್ತದೆ. ಮೊಳೆ ತೂತು, ಸಣ್ಣ ಬಿರುಕಿಗೆ ಅಂಗಡಿಯ ಮರದ ಪುಟ್ಟಿ ಸಾಕು. ದೊಡ್ಡ ತೂತಿಗೆ ಬಡಿಗೇರರು ಮಾಡುವಂತೆ ಗರಗಸದ ಹೊಟ್ಟನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಿ. ಒಣಗುತ್ತ ಕುಗ್ಗುವುದರಿಂದ ಸ್ವಲ್ಪ ಉಬ್ಬಿಸಿಯೇ ಬಿಡಬೇಕು. ಗೋಡೆಯ ಬಿಳಿ ಸಿಮೆಂಟ್ ಪುಟ್ಟಿ ಉಳಿದಿದೆ ಎಂದು ಬಾಗಿಲಿಗೆ ಮೆತ್ತಬೇಡಿ. ಕಟ್ಟಿಗೆ ಉಬ್ಬಿ ಕುಗ್ಗುವಾಗ ಅದು ಚಕ್ಕೆಯಾಗಿ ಏಳುತ್ತದೆ.

ತಿಕ್ಕುವಾಗ ಮೆತ್ತಗೆ ಒಳಗೆ ಹೋಗುವ ಜಾಗ, ಕೆಳಗೆ ಮಣ್ಣಿನ ಗೆರೆ ಕಂಡರೆ ಅಲ್ಲಿ ಒರಲಿ ಇದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಸಲೀಸಾಗಿ ಇಳಿದರೆ ಬಣ್ಣದ ಕೆಲಸ ಅಲ್ಲಿಗೆ ನಿಲ್ಲಿಸಿ ಬಡಿಗೇರನನ್ನು ಕರೆಯಿರಿ. ಮೇಲೆ ಬಣ್ಣ ಬಳಿದು ಮುಚ್ಚಿದರೆ ಒರಲಿಗೆ ಮನೆ ಕಟ್ಟಿಕೊಟ್ಟಂತೆ.

ಪ್ರೈಮರ್ ಹಚ್ಚುವಾಗ ಬಾಗಿಲಿನ ಮೇಲಂಚು, ಕೆಳಂಚು ಮರೆಯಬೇಡಿ. ಯಾರ ಕಣ್ಣಿಗೂ ಬೀಳದ ಕೆಳಂಚು ದಿನಾ ನೆಲ ಒರೆಸಿದ ನೀರು ಕುಡಿಯುತ್ತದೆ; ಹಲಗೆಯ ಎಳೆಗಳ ತುದಿ ಅಲ್ಲಿ ತೆರೆದಿರುತ್ತದೆ. ಬಚ್ಚಲ ಬಾಗಿಲುಗಳು ಕೆಳಗಿನಿಂದಲೇ ಕೊಳೆಯುವುದು ಇದಕ್ಕೆ. ಬಾಗಿಲು ಬಿಚ್ಚಿದ್ದರೆ ಕೆಲಸ ಸುಲಭ. ಬಿಚ್ಚದಿದ್ದರೆ ಹಳೆಯ ಕಾರ್ಪೆಟ್‌ನ ಉದ್ದ ಪಟ್ಟಿಗೆ ಪ್ರೈಮರ್ ಹಚ್ಚಿ, ಬಾಗಿಲ ಕೆಳಗೆ ತೂರಿಸಿ, ಇಬ್ಬರು ಎರಡು ಕಡೆ ಹಿಡಿದು ಹಿಂದೆ ಮುಂದೆ ಎಳೆಯಿರಿ. ಮುಗಿದ ಮೇಲೆ ನೆಲದಲ್ಲಿ ಸಣ್ಣ ಕನ್ನಡಿ ಇಟ್ಟು ನೋಡಿದರೆ ಬಿಟ್ಟುಹೋದ ಜಾಗ ಕಾಣುತ್ತದೆ.

ಯಾವ ಬಣ್ಣ

ನಮ್ಮ ಕಡೆ ಇನ್ನೂ ಹೆಚ್ಚು ಹೋಗುವುದು ಸಿಂಥೆಟಿಕ್ ಎನಾಮೆಲ್, ಜನರ ಬಾಯಲ್ಲಿ ಆಯಿಲ್ ಪೇಂಟ್. ಅಗ್ಗ, ಗಟ್ಟಿ, ಒರೆಸಲು ಸುಲಭ. ವಾಸನೆ ಎರಡು ಮೂರು ದಿನ ಇರುತ್ತದೆ. ಮುಟ್ಟಲು ಒಣಗುವುದು ನಾಲ್ಕಾರು ತಾಸಿನಲ್ಲಾದರೂ ಮುಂದಿನ ಕೋಟ್‌ಗೆ ಒಂದು ರಾತ್ರಿ ಕಾಯಬೇಕು. ಬಿಳಿ ಎನಾಮೆಲ್ ಬೆಳಕು ಕಾಣದ ಒಳಕೋಣೆಯಲ್ಲಿ ವರ್ಷದೊಳಗೆ ಹಳದಿ ತಿರುಗುತ್ತದೆ. ಅದು ಅದರ ಎಣ್ಣೆಯ ಗುಣ. ನೀರು ಆಧಾರಿತ ಎನಾಮೆಲ್ ಈಗ ಬೈಲಹೊಂಗಲದಲ್ಲೂ ಸಿಗುತ್ತದೆ. ಬೆಲೆ ಹೆಚ್ಚು, ವಾಸನೆ ಕಡಿಮೆ, ಹಳದಿಯಾಗುವುದಿಲ್ಲ, ನಾಲ್ಕು ತಾಸಿಗೆ ಇನ್ನೊಂದು ಕೋಟ್ ಹಚ್ಚಬಹುದು. ಮನೆಯಲ್ಲಿ ಬಾಣಂತಿ, ಉಬ್ಬಸದವರು ಇದ್ದರೆ ಎರಡು ಮಾತಿಲ್ಲದೆ ಅದನ್ನೇ ತನ್ನಿ. ಹಳೆಯ ಆಯಿಲ್ ಪೇಂಟಿನ ಮೇಲೆ ಅದನ್ನು ಹಚ್ಚುವುದಾದರೆ ಹೊಳಪು ಪೂರ್ತಿ ಹೋಗುವಂತೆ ಉಜ್ಜಿರಬೇಕು.

ಮಾಮೂಲಿ 7 ಅಡಿ ಎತ್ತರ, 3 ಅಡಿ ಅಗಲದ ಬಾಗಿಲಿನ ಎರಡೂ ಮಗ್ಗುಲು 42 ಚದರ ಅಡಿ. ಅಂಚು, ಚೌಕಟ್ಟು ಸೇರಿ ಸುಮಾರು 60 ಎಂದು ಹಿಡಿಯಿರಿ. ಎರಡು ಕೋಟ್‌ಗೆ ಒಂದು ಬಾಗಿಲಿಗೆ ಅಂದಾಜು ಒಂದು ಲೀಟರ್ ಎನಾಮೆಲ್ ಬೇಕಾಗುತ್ತದೆ. ಪ್ರೈಮರ್ ಅರ್ಧ ಲೀಟರ್.

ಬಣ್ಣದ ಆಯ್ಕೆ ನಿಮ್ಮ ಇಷ್ಟ. ನನ್ನನ್ನು ಕೇಳಿದರೆ ಎರಿ ಧೂಳಿನ ಊರಲ್ಲಿ ಅಚ್ಚ ಬಿಳಿ ಒಳಬಾಗಿಲು ಮೊಬೈಲಿನ ಚಿತ್ರದಲ್ಲಿ ಮಾತ್ರ ಚೆಂದ. ನಮ್ಮ ಹಿರಿಯರು ಆಕಾಶನೀಲಿ, ಎಲೆಹಸಿರು ಹಚ್ಚುತ್ತಿದ್ದುದು ರುಚಿಗೂ ಹೌದು, ಕೊಳೆ ಕಾಣದಿರಲಿ ಎಂಬುದಕ್ಕೂ ಹೌದು. ಪೂರ್ತಿ ಹೊಳಪು ಬೇಡವಾದರೆ ಅರೆಹೊಳಪಿನದು ಸಿಗುತ್ತದೆ. ಹಲಗೆಯ ಏರುತಗ್ಗು ಅದರಲ್ಲಿ ಕಡಿಮೆ ಕಾಣುತ್ತದೆ. ಮ್ಯಾಟ್ ಮಾತ್ರ ಒಳಬಾಗಿಲಿಗೆ ಬೇಡ, ಭಂಡಾರದ ಕೈ ಬಿದ್ದರೆ ಕಲೆ ಹೋಗುವುದಿಲ್ಲ.

ಹಚ್ಚುವ ಬಗೆ

ಡಬ್ಬಿಯನ್ನು ತಳದಿಂದ ಕದಡಿ. ಬೇಕಾದಷ್ಟನ್ನು ಬೇರೆ ವಾಟಿಗೆ ಬಗ್ಗಿಸಿಕೊಂಡು ಡಬ್ಬಿ ಮುಚ್ಚಿಡಿ. ಎನಾಮೆಲ್ ದಪ್ಪ ಅನಿಸಿದರೆ ಟರ್ಪಂಟೈನ್ ಹತ್ತರಲ್ಲಿ ಒಂದು ಪಾಲು ಮೀರದಂತೆ ಹಾಕಿ. ಬಣ್ಣ ಉಳಿಸಲು ಗ್ಯಾಸಲೇಟ್ ಎಣ್ಣೆ ಸುರಿಯುವ ಪೇಂಟರ್‌ಗಳಿದ್ದಾರೆ. ಅದರಿಂದ ಒಣಗುವುದು ತಡವಾಗುತ್ತದೆ, ಹೊಳಪು ಹೋಗುತ್ತದೆ. ಪೆಟ್ರೋಲ್ ಅಂತೂ ಮನೆಯೊಳಗೆ ತರಲೇಬಾರದು.

ಎರಡು ಇಂಚಿನ ಒಳ್ಳೆಯ ಬ್ರಶ್ ಸಾಕು. ಹೊಸ ಬ್ರಶ್‌ನ ಕೂದಲನ್ನು ಅಂಗೈಗೆ ನಾಲ್ಕು ಸಲ ಬಡಿದು, ಸಡಿಲ ಕೂದಲು ಕಿತ್ತು ಬಿಸಾಡಿ. ಕೂದಲಿನ ಮೂರನೆಯ ಒಂದು ಭಾಗ ಮಾತ್ರ ಅದ್ದಿ, ವಾಟಿಯ ಅಂಚಿಗೆ ತಟ್ಟಿ. ಪ್ಯಾನೆಲ್ ಬಾಗಿಲಿದ್ದರೆ ಮೊದಲು ಒಳಗಿನ ಕೆತ್ತನೆಯ ಅಂಚು, ಆಮೇಲೆ ನಡುವಿನ ಹಲಗೆ, ಬಳಿಕ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ ಮತ್ತು ಮಗ್ಗುಲು. ಅಡ್ಡ ಉದ್ದ ಸೇರುವಲ್ಲಿ ಗೆರೆ ಕಟ್ಟಿಗೆಯ ಎಳೆಯ ಪ್ರಕಾರವೇ ನಿಲ್ಲುತ್ತದೆ. ಫ್ಲಶ್ ಡೋರ್ ಆದರೆ ಮೇಲಿನಿಂದ ಅಡಿ ಅಗಲದ ಪಟ್ಟಿಗಳಲ್ಲಿ ಇಳಿಯಿರಿ. ಹಿಂದಿನ ಪಟ್ಟಿಯ ಅಂಚು ಹಸಿ ಇರುವಾಗಲೇ ಮುಂದಿನದನ್ನು ಕೂಡಿಸಬೇಕು. ಅದಕ್ಕೆ ಹಿಡಿದ ಬಾಗಿಲು ಮುಗಿಸಿಯೇ ಚಹಾಕ್ಕೆ ಏಳಬೇಕು. ಕೊನೆಯಲ್ಲಿ ಬಣ್ಣವಿಲ್ಲದ ಬ್ರಶ್‌ನ ತುದಿಯಿಂದ ಮೆಲ್ಲಗೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಎಳೆತ.

ಹತ್ತು ನಿಮಿಷ ಬಿಟ್ಟು ಓರೆಯಾಗಿ ನಿಂತು ಬೆಳಕಿಗೆ ನೋಡಿ. ಇಳಿದ ಹನಿ ಅಷ್ಟರಲ್ಲಿ ಕಂಡರೆ ಬ್ರಶ್‌ನಿಂದ ಎತ್ತಬಹುದು. ತಾಸು ಕಳೆದರೆ ಮುಟ್ಟಬೇಡಿ. ಒಣಗಿದ ಮೇಲೆ 320ರ ಕಾಗದದಿಂದ ಉಜ್ಜಿ ತೆಗೆಯಿರಿ. ಎರಡು ತೆಳು ಕೋಟ್ ಒಂದು ದಪ್ಪ ಕೋಟ್‌ಗಿಂತ ಯಾವಾಗಲೂ ಮೇಲು. ದಪ್ಪ ಬಣ್ಣದ ಮೇಲ್ಮೈ ಮಾತ್ರ ಒಣಗಿ ಒಳಗೆ ಹಸಿಯಾಗಿ ಉಳಿದು ಸುಕ್ಕು ಕಟ್ಟುತ್ತದೆ.

ಕೊನೆಯ ಕೋಟ್ ಆದ ಮೇಲೆ ಎರಡು ದಿನವಾದರೂ ಬಾಗಿಲು ತೆರೆದೇ ಇರಲಿ, ಆ ಕೋಣೆಯಲ್ಲಿ ಯಾರೂ ಮಲಗುವುದು ಬೇಡ. ಒಣಗಿದಂತೆ ಕಂಡರೂ ಎನಾಮೆಲ್ ಒಳಗೆ ಗಟ್ಟಿಯಾಗಲು ವಾರದ ಮೇಲೆ ಬೇಕು. ಅಷ್ಟರೊಳಗೆ ಬಾಗಿಲು ಬಿಗಿಯಾಗಿ ಮುಚ್ಚಿದರೆ ಚೌಕಟ್ಟಿಗೆ ಅಂಟಿ, ತೆರೆದಾಗ ಬಣ್ಣ ಕಿತ್ತುಕೊಂಡು ಬರುತ್ತದೆ. ಮುಚ್ಚಲೇಬೇಕಾದರೆ ತಾಗುವ ಅಂಚಿಗೆ ಮೇಣದ ಬತ್ತಿ ಸವರಿ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬರುವ ಬೀಗರು ಮನೆಯಲ್ಲಿ ಇಳಿದುಕೊಳ್ಳುವವರಿದ್ದರೆ ಕನಿಷ್ಠ ಹದಿನೈದು ದಿನ ಮೊದಲೇ ಕೆಲಸ ಮುಗಿದಿರಬೇಕು. ಹೊಸ್ತಿಲ ಹುಣ್ಣಿಮೆಗೂ ಇದೇ ಲೆಕ್ಕ. ಹೊಸ್ತಿಲಿಗೆ ದಿನಾ ನೀರು, ಅರಿಶಿನ, ಕುಂಕುಮ ಬೀಳುವುದರಿಂದ ಬೇರೆಲ್ಲ ಎರಡು ಕೋಟ್ ಆದರೆ ಅಲ್ಲಿ ಮೂರು ಇರಲಿ.

ನೀರು ಹೊಕ್ಕ ಮನೆಗಳು

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಮುನವಳ್ಳಿ, ರಾಮದುರ್ಗದ ಹೊಳೆದಂಡೆಯ ಮನೆಗಳೊಳಗೆ ನೀರು ನಿಂತಿತ್ತು. ಅಂಥ ನೀರು ಕಂಡ ಬಾಗಿಲಿಗೆ ಅದೇ ವರ್ಷ ಬಣ್ಣ ಹಚ್ಚುವ ಆಸೆ ಬೇಡ. ಮೊದಲು ಕೆಸರು ತೊಳೆದು, ಬಾಗಿಲು ಬಿಚ್ಚಿ, ನೆರಳಲ್ಲಿ ಎರಡೂ ಮಗ್ಗುಲಿಗೆ ಗಾಳಿಯಾಡುವಂತೆ ನಿಲ್ಲಿಸಿ. ನೇರ ಬಿಸಿಲಿಗೆ ಮಲಗಿಸಿದರೆ ಒಂದು ಮಗ್ಗುಲು ಬೇಗ ಒಣಗಿ ಹಲಗೆ ಬಾಗುತ್ತದೆ. ಎರಡೂ ಮಗ್ಗುಲಿನ ಬಣ್ಣ ಕೆರೆದುಬಿಟ್ಟರೆ ತೇವ ಹೊರಬರಲು ದಾರಿ. ದಪ್ಪ ಸಾಗವಾನಿ ಒಣಗಲು ತಿಂಗಳುಗಳೇ ಬೇಕು. ಕಟ್ಟಿಗೆ ಅಡ್ಡೆಯವರಲ್ಲಿ ತೇವ ಅಳೆಯುವ ಸಣ್ಣ ಮೀಟರ್ ಇದ್ದರೆ ಹಿಡಿದು ನೋಡಿಸಿ. ಶೇಕಡ 12ರ ಆಸುಪಾಸಿಗೆ ಇಳಿದ ಮೇಲೆ ಪ್ರೈಮರ್. ಫ್ಲಶ್ ಡೋರ್ ಆಗಿದ್ದರೆ ಬೆರಳ ಗೆಣ್ಣಿನಿಂದ ಎಲ್ಲ ಕಡೆ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ. ಬಣ್ಣದ ದುಡ್ಡು ಹೊಸ ಬಾಗಿಲಿಗೆ ಇಡಿ.

ಬಣ್ಣ ಹಚ್ಚಬಾರದ ಬಾಗಿಲು

ಕಿತ್ತೂರು ಕೋಟೆಯೊಳಗಿನ ವಸ್ತುಸಂಗ್ರಹಾಲಯಕ್ಕೆ ಹೋದವರು ಅರಮನೆಯ ಕಾಲದ ಕೆತ್ತನೆ ಕೆಲಸದ ಬಾಗಿಲು, ಕಿಟಕಿಗಳನ್ನು ನೋಡಿರುತ್ತಾರೆ. ಅಷ್ಟು ದೊಡ್ಡದಲ್ಲದಿದ್ದರೂ ಕೆತ್ತನೆಯ ದೇವರ ಕೋಣೆಯ ಬಾಗಿಲು, ಸಣ್ಣ ಗಂಟೆ ಕಟ್ಟಿದ ಜೋಡಿ ಕದ ಈ ಭಾಗದ ಹಳೆಯ ಮನೆಗಳಲ್ಲಿ ಇನ್ನೂ ಇವೆ. ಅವುಗಳ ಮೇಲೆ ಚಾಕಲೇಟ್ ಬಣ್ಣ ಹೊಡೆದು, ಕೆತ್ತನೆಯ ಸಂದು ಮುಚ್ಚಿ, ಮೇಲೆ ಬಂಗಾರದ ಬಣ್ಣದ ಗೆರೆ ಎಳೆಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಅಂಥ ಸಾಗವಾನಿಗೆ ನಮ್ಮ ಹೊಲದ್ದೇ ಔಷಧ ಇದೆ: ಅಗಸಿ ಎಣ್ಣೆ. ಗಾಳಿ ತಾಗಿದಂತೆ ಅದು ಕಟ್ಟಿಗೆಯೊಳಗೆ ಗಟ್ಟಿಯಾಗುತ್ತದೆ. ಚಟ್ನಿಗೆ ಬೀಜ ಹುರಿಯುವ ಮನೆಯವರಿಗೆ ಎಣ್ಣೆಯ ಈ ಇನ್ನೊಂದು ಗುಣ ಗೊತ್ತಿರಲಿಕ್ಕಿಲ್ಲ. ಗಾಣದ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಬಣ್ಣದ ಅಂಗಡಿಯ ಕುದಿಸಿದ ಅಗಸಿ ಎಣ್ಣೆ ಒಂದೆರಡು ದಿನಕ್ಕೆ ಆರುತ್ತದೆ. ಬಾಗಿಲು ತೊಳೆದು ಒಣಗಿಸಿ, ಮೊದಲ ಕೈಗೆ ಎಣ್ಣೆ, ಟರ್ಪಂಟೈನ್ ಸಮಸಮ ಬೆರೆಸಿ ಅರಿವೆಯಿಂದ ಸವರಿ. ಕಾಲು ತಾಸು ಬಿಟ್ಟು, ಹೀರದೇ ಉಳಿದ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಒರೆಸದಿದ್ದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಎರಡು ದಿನಕ್ಕೊಂದರಂತೆ ಇನ್ನೆರಡು ಕೈ. ಮನೆಯಲ್ಲಿದೆಯೆಂದು ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಸವರಬೇಡಿ. ಅವು ಎಂದಿಗೂ ಒಣಗುವುದಿಲ್ಲ, ಮುಂದೆ ಬಣ್ಣವೋ ಪಾಲಿಶೋ ಮಾಡಿಸಬೇಕೆಂದರೂ ಹಿಡಿಯಗೊಡುವುದಿಲ್ಲ.

ಅಗಸಿ ಎಣ್ಣೆ ಹೀರಿದ ಅರಿವೆಯನ್ನು ಮಡಚಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಕಾವು ಮಡಿಕೆಯೊಳಗೆ ಕೂಡಿ, ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಮುಳುಗಿಸಿಡಿ, ಅಥವಾ ಅಂಗಳದ ತಂತಿಯ ಮೇಲೆ ಒಂದೊಂದಾಗಿ ಹರವಿ. ಬ್ರಶ್ ತೊಳೆದ ಟರ್ಪಂಟೈನನ್ನು ಗಟಾರಕ್ಕೆ ಸುರಿಯದೆ ಒಂದು ಬಾಟಲಿಯಲ್ಲಿ ಮುಚ್ಚಿಡಿ. ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮತ್ತೊಮ್ಮೆ ಬ್ರಶ್ ತೊಳೆಯಲು ಬರುತ್ತದೆ. ಉಳಿದ ಬಣ್ಣದ ಡಬ್ಬಿಯ ಮುಚ್ಚಳ ಬಿಗಿದು, ಮೇಲೆ ಬಣ್ಣದ ಸಂಖ್ಯೆ, ಹಚ್ಚಿದ ತಿಂಗಳು, ಯಾವ ಕೋಣೆಯ ಬಾಗಿಲು ಎಂದು ಬರೆದಿಡಿ. ಚಿಲಕದ ಸುತ್ತ ಮುಂದಿನ ವರ್ಷ ಅಂಗೈಯಗಲ ಹಚ್ಚಬೇಕಾದಾಗ ಅದೇ ಬಣ್ಣಕ್ಕಾಗಿ ಅಂಗಡಿ ಅಂಗಡಿ ಅಲೆಯುವುದು ತಪ್ಪುತ್ತದೆ.